ಮಧ್ಯಾಹ್ನದ ಪಾಳಿ, ಸೈಕಲ್ ದಾರಿ, ಕಣ್ಣಿಗೆ ಕಾಣದ ಬೆವರು

ಪ್ರಶ್ನೆ: ನಾನು ಕೊಪ್ಪಳದವನು, ವಯಸ್ಸು 34. ಗಿಣಿಗೇರಾ ಬಳಿಯ ಕಾರ್ಖಾನೆಯಲ್ಲಿ ಕೆಲಸ. ಎರಡನೇ ಪಾಳಿಯ ವಾರಗಳಲ್ಲಿ ಮಧ್ಯಾಹ್ನ ಒಂದಕ್ಕೆ ಹೊರಟು ಮುಕ್ಕಾಲು ಗಂಟೆ ಸೈಕಲ್ ತುಳಿಯಬೇಕು. ದಾರಿಯಲ್ಲಿ ಅಷ್ಟೇನೂ ಬೆವರುವುದಿಲ್ಲ. ಆದರೂ ಕಾರ್ಖಾನೆ ಸೇರುವ ಹೊತ್ತಿಗೆ ತಲೆ ಸಿಡಿಯುತ್ತದೆ, ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ. ಹೊರಡುವಾಗ ಒಂದು ಲೀಟರ್ ನೀರನ್ನು ಒಮ್ಮೆಲೇ ಕುಡಿಯುತ್ತೇನೆ. ಅದು ಸಾಲದೇ?

ಉತ್ತರ: ನೀವು ಬೆವರುತ್ತಿಲ್ಲ ಎಂಬುದು ನಿಜವಲ್ಲ. ನಮ್ಮ ಭಾಗದ ಬೇಸಿಗೆಯ ಗಾಳಿ ಒಣಗಾಳಿಯಾದ್ದರಿಂದ, ಸೈಕಲ್ ಓಡುತ್ತಿರುವಷ್ಟು ಹೊತ್ತು ಅದು ಬೆವರನ್ನು ಹನಿಗಟ್ಟಲು ಬಿಡದೆ ಚರ್ಮದ ಮೇಲೆಯೇ ಆರಿಸಿಬಿಡುತ್ತದೆ. ಗೇಟಿನ ಬಳಿ ಇಳಿದು ನಿಂತ ಎರಡು ನಿಮಿಷಕ್ಕೆ ಹಣೆಯಿಂದ ನೀರಿಳಿಯುವುದನ್ನೂ, ಅಂಗಿ ಒಣಗಿದ ಮೇಲೆ ಬೆನ್ನಿನ ಭಾಗದಲ್ಲಿ ಬಿಳಿಯ ಉಪ್ಪಿನ ಗೆರೆ ಉಳಿಯುವುದನ್ನೂ ಗಮನಿಸಿ ನೋಡಿ. ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ ಇರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ಗಾಳಿ ಮೈಯನ್ನು ತಂಪಾಗಿಸುವುದಿರಲಿ, ಇನ್ನಷ್ಟು ಕಾಯಿಸುತ್ತದೆ. ಆಗ ದೇಹಕ್ಕೆ ಉಳಿಯುವ ದಾರಿ ಬೆವರು ಆರುವುದೊಂದೇ. ಇಂತಹ ಬಿಸಿಲಿನಲ್ಲಿ ಜೋರಾಗಿ ತುಳಿಯುವವರು ಗಂಟೆಗೆ ಒಂದು ಲೀಟರಿನಷ್ಟು ನೀರನ್ನೂ, ಅದರೊಂದಿಗೆ ಉಪ್ಪನ್ನೂ ಕಳೆದುಕೊಳ್ಳುವುದುಂಟು.

ಒಮ್ಮೆಲೇ ಕುಡಿದ ನೀರಿನಲ್ಲಿ ಬಹುಪಾಲು ಮೂತ್ರವಾಗಿ ಹೊರಟುಹೋಗುತ್ತದೆ. ಅದರ ಬದಲು ಹನ್ನೊಂದು ಗಂಟೆಯಿಂದಲೇ ಸ್ವಲ್ಪ ಸ್ವಲ್ಪವಾಗಿ ಅರ್ಧ ಲೀಟರ್ ಕುಡಿಯಿರಿ. ದಾರಿಯಲ್ಲಿ ಕಾಲು ಗಂಟೆಗೊಮ್ಮೆ ನೆರಳು ನೋಡಿ ನಿಂತು, ಬಾಯಾರಿಕೆಗೆ ಕಾಯದೆ ನಾಲ್ಕಾರು ಗುಟುಕು ಕುಡಿಯಿರಿ. ಊಟದಲ್ಲಿ ಉಪ್ಪು ಹಾಕಿದ ತೆಳು ಮಜ್ಜಿಗೆ ಇರಲಿ; ನಿಮ್ಮಂಥವರಿಗೆ ಅದಕ್ಕಿಂತ ಅಗ್ಗವೂ ಹಿತವೂ ಆದ ಪಾನೀಯ ನನಗೆ ತೋಚುವುದಿಲ್ಲ. ಬಿಸಿಲು ತೀರ ಹೆಚ್ಚಿದ ದಿನ ಓಆರ್‌ಎಸ್ ಪೊಟ್ಟಣ ಬಳಸಬಹುದು. ಅದು ಸಿಗದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಅಂಚಿನ ಮಟ್ಟಕ್ಕೆ ತುಂಬಿದ ಆರು ಚಹಾ ಚಮಚ ಸಕ್ಕರೆ, ಅಂಥದೇ ಅರ್ಧ ಚಹಾ ಚಮಚ ಉಪ್ಪು ಹಾಕಿ ಕದಡಿಕೊಳ್ಳಿ. ಉಪ್ಪನ್ನು ಕಣ್ಣಂದಾಜಿನಲ್ಲಿ ಸುರಿಯಬಾರದು.

ಮೈತುಂಬ ಸಡಿಲವಾದ ಹತ್ತಿ ಅಂಗಿ ತೊಟ್ಟು, ಒದ್ದೆ ಟವೆಲನ್ನು ಕುತ್ತಿಗೆಗೆ ಸುತ್ತಿಕೊಳ್ಳಿ. ಅದರ ತುದಿ ಚಕ್ರದ ಕಡೆ ಜೋಲಾಡದಿರಲಿ. ಕಾರ್ಖಾನೆ ಸೇರಿದೊಡನೆ ಕೆಲಸಕ್ಕೆ ಇಳಿಯದೆ ಹತ್ತು ನಿಮಿಷ ನೆರಳಿನಲ್ಲಿ ಕುಳಿತುಕೊಳ್ಳಿ. ನೀವು ಕುಲುಮೆಯ ಹತ್ತಿರ ಕೆಲಸ ಮಾಡುವವರಾದರೆ ಇದನ್ನು ಖಂಡಿತ ತಪ್ಪಿಸಬೇಡಿ. ದೇಹ ಬಿಸಿಲಿಗೆ ಒಗ್ಗಲು ಒಂದೆರಡು ವಾರ ಬೇಕಾಗುವುದರಿಂದ, ರಜೆ ಮುಗಿಸಿ ಬಂದ ಮೊದಲ ದಿನಗಳಲ್ಲಿ ನಿಧಾನವಾಗಿ ತುಳಿಯಿರಿ. ರಾತ್ರಿಯ ಸೆಳೆತಕ್ಕೆ ನೀರು, ಉಪ್ಪಿನ ಕೊರತೆ ಒಂದು ಕಾರಣವಿರಬಹುದು. ಈ ಕ್ರಮದಿಂದಲೂ ಅದು ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ.

ತಲೆನೋವಿನ ಜೊತೆ ವಾಕರಿಕೆ ಬಂದರೆ ಅಥವಾ ಕಣ್ಣು ಮಂಜಾದರೆ, ಪಾಳಿಗೆ ತಡವಾದರೂ ಸರಿ, ಸೈಕಲ್ ನಿಲ್ಲಿಸಿ. ಜೊತೆಯವರು ತೊದಲುವುದು, ಅಸಂಬದ್ಧವಾಗಿ ಮಾತನಾಡುವುದು ಕಂಡರೆ ಅದು ಪ್ರಾಣಕ್ಕೆ ಅಪಾಯ: 108ಕ್ಕೆ ಕರೆ ಮಾಡಿ, ನೆರಳಿಗೆ ತಂದು ಮೈಮೇಲೆ ನೀರು ಸುರಿದು ಗಾಳಿ ಹಾಕಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಪ್ರಶ್ನೆ: ರಾಯಚೂರು ತಾಲ್ಲೂಕಿನ ನಮ್ಮ ಊರಿನಲ್ಲಿ 66 ವರ್ಷದ ಅಪ್ಪ ದಿನವೂ ಸೈಕಲ್ ಮೇಲೆ ಹೊಲಕ್ಕೆ ಹೋಗುತ್ತಾರೆ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ಇದೆ. ಅವರಿಗೂ ಓಆರ್‌ಎಸ್ ಕೊಡಬಹುದೇ?

ಉತ್ತರ: ಅದರಲ್ಲಿ ಉಪ್ಪಿರುವುದರಿಂದ ವೈದ್ಯರನ್ನು ಕೇಳದೆ ದಿನವೂ ಕೊಡಬೇಡಿ, ಬೇಸಿಗೆಯೆಂದು ಮಾತ್ರೆಯನ್ನು ನೀವೇ ನಿಲ್ಲಿಸಲೂಬೇಡಿ. ಎದ್ದು ನಿಂತಾಗ ತಲೆ ಸುತ್ತುತ್ತದೆಯೇ ಎಂದು ತಂದೆಯವರನ್ನು ಕೇಳಿ, ಹೌದೆಂದರೆ ಮಾತ್ರೆಯ ಪ್ರಮಾಣದ ಬಗ್ಗೆ ವೈದ್ಯರೊಂದಿಗೆ ಮಾತನಾಡಿ. ವಯಸ್ಸಾದಂತೆ ಬಾಯಾರಿಕೆ ತಿಳಿಯುವುದು ಕಡಿಮೆಯಾಗುವುದರಿಂದ, ದಿನಕ್ಕೆ ಎಷ್ಟು ನೀರು ಎಂದು ವೈದ್ಯರಿಂದಲೇ ತಿಳಿದು ಗಡಿಯಾರ ನೋಡಿ ಕೊಡಿ. ಬೆಳಗಿನ ಆರಕ್ಕೆ ಹೊಲಕ್ಕೆ ಹೋಗಿ ಒಂಬತ್ತರೊಳಗೆ ಮನೆಗೆ ಮರಳುವಂತೆ ಅವರನ್ನು ಒಪ್ಪಿಸಿ.