ಫೈಲ್ ಹೇಳಿದಷ್ಟೇ ಕೋಡ್ ಹೇಳಲಿ

(ಆಸ್ಪತ್ರೆಯ ದಾಖಲೆ, ಕಂಪ್ಯೂಟರ್, ಕಾಗದಪತ್ರಗಳ ಬಗ್ಗೆ ಓದುಗರ ಪ್ರಶ್ನೆಗಳಿಗೆ ಕಲಬುರಗಿಯ ನಿವೃತ್ತ ಮೆಡಿಕಲ್ ರೆಕಾರ್ಡ್ಸ್ ಅಧಿಕಾರಿಯೊಬ್ಬರ ಉತ್ತರ)

ಪ್ರಶ್ನೆ: ಶರಣು ಅಕ್ಕಾ. ನಾನು ಎಂ.ಡಿ. ವಿದ್ಯಾರ್ಥಿನಿ. ಪ್ರಬಂಧಕ್ಕಾಗಿ ಬೇರೆ ಬೇರೆ ಆಸ್ಪತ್ರೆಗಳ ಶುಗರ್ ರೋಗಿಗಳ ಕೇಸ್ ಶೀಟ್ ನೋಡಿ ಎಕ್ಸೆಲ್‌ಗೆ ಹಾಕಿದ್ದೇನೆ. ಒಬ್ಬರು ‘ಡಿಎಂ’ (ಮಧುಮೇಹ) ಅಂತ ಬರೆದಿದ್ದಾರೆ, ಒಬ್ಬರು ‘ಟಿ2ಡಿಎಂ’ (ಟೈಪ್ 2 ಮಧುಮೇಹ), ಇನ್ನೊಬ್ಬರು ‘ಕೆ/ಸಿ/ಒ ಶುಗರ್’ (ಶುಗರ್ ಇರೋದು ಮೊದಲೇ ಗೊತ್ತಿರುವವರು). ಗೈಡ್ ಸರ್ ನೋಡಿ, ‘ಇದನ್ನೆಲ್ಲ ಒಂದು ಆಂಟಾಲಜಿಗೆ ಮ್ಯಾಪ್ ಮಾಡು’ ಅಂದರು, ಅಂದರೆ ಪರಿಕಲ್ಪನೆಗಳನ್ನು ಅವುಗಳ ಸಂಬಂಧದ ಸಮೇತ ಜೋಡಿಸಿದ ಪದಕೋಶದ ಕೋಡ್ ಕೊಡು ಅಂತ. ಐಸಿಡಿ (ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣ) ಕೋಡ್ ಹಾಕಿದರೆ ಸಾಲದೇ? – ಪಿಜಿ ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ನೀವು ಆ ಎಕ್ಸೆಲ್‌ಗೆ ಏನು ಕೇಳಬೇಕು ಅಂತಿದ್ದೀರಿ, ಅದನ್ನು ಮೊದಲು ಹೇಳಿ ಡಾಕ್ಟರೇ. ಬರೀ ತಲೆ ಎಣಿಸೋದಾದರೆ ಐಸಿಡಿ ಸಾಕು. ಅದು ಹುಟ್ಟಿದ್ದೇ ಎಣಿಸೋದಕ್ಕೆ. 1893ರಲ್ಲಿ ಸಾವಿನ ಕಾರಣಗಳ ಪಟ್ಟಿಯಾಗಿ ಶುರುವಾಯಿತು, ಈಗ ವಿಶ್ವ ಆರೋಗ್ಯ ಸಂಸ್ಥೆ ನೋಡಿಕೊಳ್ಳುತ್ತದೆ. ಹನ್ನೊಂದನೇ ಆವೃತ್ತಿ 2022ರಲ್ಲೇ ಜಾರಿಗೆ ಬಂತು, ಆದರೆ ನಾನು ಕೆಲಸ ಮಾಡಿದ್ದೆಲ್ಲ ಹತ್ತನೆಯದರಲ್ಲಿ. ಎಣಿಕೆಯಲ್ಲಿ ಒಂದೇ ಕೇಸು ಎರಡು ಸಲ ಬರಬಾರದು. ಹಾಗಾಗಿ ಅಲ್ಲಿ ಒಂದು ಕಾಯಿಲೆಗೆ ಒಂದು ಮೂಲ ಜಾಗ.

ತೊಂದರೆ ಶುರುವಾಗೋದು ಅಲ್ಲೇ. ಶ್ವಾಸಕೋಶದ ಟಿ.ಬಿ. ಐಸಿಡಿಯಲ್ಲಿ ಎಲ್ಲಿದೆ? ಉಸಿರಾಟದ ಕಾಯಿಲೆಗಳಿರುವ ‘ಜೆ’ ಅಧ್ಯಾಯದಲ್ಲಿ ಇಲ್ಲ. ಸೋಂಕಿನ ಅಧ್ಯಾಯದಲ್ಲಿ, ಎ15, ಎ16 ಅಂತ ಇದೆ. ಶ್ವಾಸಕೋಶದ ಕಾಯಿಲೆ ಎಷ್ಟು ಜನಕ್ಕಿದೆ ಅಂತ ‘ಜೆ’ ಹಾಕಿ ಹುಡುಕಿದರೆ ಟಿ.ಬಿ. ರೋಗಿಗಳೆಲ್ಲ ಹೊರಗೇ ಉಳಿದರು. ನಿಮ್ಮ ವಿಷಯಕ್ಕೆ ಬರೋಣ. ಶುಗರ್‌ನಿಂದ ಕಿಡ್ನಿ ಹಾಳಾದವರಿಗೆ ಇ11.2 ಅಂತ ಮಾತ್ರ ಹಾಕಿದ್ದರೆ, ಕಿಡ್ನಿ ಕಾಯಿಲೆಗಳ ‘ಎನ್’ ಹುಡುಕಾಟದಲ್ಲಿ ಅವರು ಸಿಗೋದಿಲ್ಲ.

ಸ್ನೋಮೆಡ್ ಸಿಟಿಯಂಥ ಆಂಟಾಲಜಿಯಲ್ಲಿ ಈ ಕಟ್ಟು ಇಲ್ಲ. ಒಂದು ಮಗುವಿಗೆ ಅಪ್ಪನ ಮನೆಯೂ ಇದೆ, ತಾಯಿಯ ತವರೂ ಇದೆ, ಎರಡೂ ಕಡೆ ಲೆಕ್ಕಕ್ಕೆ ಬರುತ್ತದೆ ಅಲ್ವಾ? ಹಾಗೆ ಶುಗರ್ ಕಿಡ್ನಿ ಕಾಯಿಲೆ ಅಲ್ಲಿ ಕಿಡ್ನಿ ಕಾಯಿಲೆಯೂ ಹೌದು, ಶುಗರ್‌ನ ತೊಡಕೂ ಹೌದು. ಕಾಯಿಲೆ ಯಾವ ಅಂಗದಲ್ಲಿದೆ, ಯಾವುದರಿಂದ ಬಂತು ಅನ್ನೋದನ್ನೂ ಕಂಪ್ಯೂಟರ್‌ಗೆ ತಿಳಿಯುವಂತೆ ಜೋಡಿಸಿರುತ್ತಾರೆ. ಅಮೆರಿಕದ ಒಂದು ಪದಕೋಶವನ್ನೂ ಬ್ರಿಟನ್ನಿನ ಒಂದು ಪದಕೋಶವನ್ನೂ ಕೂಡಿಸಿ 2002ರಲ್ಲಿ ಇದನ್ನು ಹೊರತಂದರು. ಮೂರೂವರೆ ಲಕ್ಷಕ್ಕಿಂತ ಜಾಸ್ತಿ ಪರಿಕಲ್ಪನೆಗಳಿವೆ. ಭಾರತ 2014ರಿಂದ ಸದಸ್ಯ ದೇಶ, ಹಾಗಾಗಿ ನಮಗೆ ಪುಕ್ಕಟೆ. ಪುಣೆಯ ಸಿ-ಡಾಕ್‌ನಲ್ಲಿರುವ ರಾಷ್ಟ್ರೀಯ ಕೇಂದ್ರದಲ್ಲಿ ನೋಂದಾಯಿಸಿ ಲೈಸೆನ್ಸ್ ತಗೊಳ್ಳಿ.

ಈಗ ನಿಮ್ಮ ಮೂರು ಬರಹ. ‘ಟಿ2ಡಿಎಂ’ ಅಂತಿದ್ದರೆ ಸ್ನೋಮೆಡ್ ಕೋಡ್ 44054006, ಟೈಪ್ 2. ಬರೀ ‘ಡಿಎಂ’, ‘ಶುಗರ್’ ಅಂತಿದ್ದರೆ 73211009. ಅದು ಮೇಲಿನ ಮೆಟ್ಟಿಲು, ಯಾವ ಟೈಪ್ ಅಂತ ಹೇಳದ ಮಧುಮೇಹ. ಇಲ್ಲೇ ಬುದ್ಧಿವಂತಿಕೆ ತೋರಿಸೋಕೆ ಹೋಗ್ತಾರೆ ನೋಡಿ. ‘ವಯಸ್ಸು ಅರವತ್ತು ಆಗಿದೆ, ಟೈಪ್ 2 ಇರಬೇಕು’, ‘ಇನ್ಸುಲಿನ್ ತಗೊಳ್ತಾರೆ, ಟೈಪ್ 1 ಇರಬೇಕು’ ಅಂತ. ಟೈಪ್ 2 ಇದ್ದವರೂ ಇನ್ಸುಲಿನ್ ತಗೊಳ್ತಾರೆ ಅನ್ನೋದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಫೈಲ್ ಹೇಳದ್ದನ್ನು ಕೋಡ್ ಹೇಳಬಾರದು. ಮೇಲಿನ ಮೆಟ್ಟಿಲಲ್ಲಿ ಇಟ್ಟರೆ ನಷ್ಟವೇನೂ ಇಲ್ಲ. ‘73211009 ಮತ್ತು ಅದರ ಕೆಳಗಿನವರೆಲ್ಲ’ ಅಂತ ಕೇಳಿದರೆ ಇಬ್ಬರೂ ಸಿಗುತ್ತಾರೆ. ‘ಟೈಪ್ 2 ಮಾತ್ರ’ ಅಂತ ಕೇಳಿದರೆ ಖಾತ್ರಿ ಇದ್ದವರಷ್ಟೇ ಸಿಗುತ್ತಾರೆ. ಊಹೆ ಮಾಡಿ ಕೆಳಗಿಳಿಸಿದ ಮೇಲೆ ಊಹೆ ಯಾವುದು, ಡಾಕ್ಟರ ಮಾತು ಯಾವುದು ಅಂತ ಆಮೇಲೆ ಬೇರ್ಪಡಿಸೋಕೆ ಆಗೋದಿಲ್ಲ.

ಅದಕ್ಕೇ ಮೂಲ ಬರಹದ ಕಾಲಮ್ಮನ್ನು ಯಾವ ಕಾರಣಕ್ಕೂ ಅಳಿಸಬೇಡಿ. ಸ್ಪೆಲ್ಲಿಂಗ್ ತಪ್ಪಿದ್ದರೂ ಇರಲಿ. ಕೋಡ್ ಪಕ್ಕದ ಕಾಲಮ್ಮಿಗೆ ಹೋಗಲಿ. ಯಾವ ಬರಹಕ್ಕೆ ಯಾವ ಕೋಡ್ ಕೊಟ್ಟಿರಿ ಅನ್ನೋ ಪಟ್ಟಿಯನ್ನು ಪ್ರಬಂಧದ ಅನುಬಂಧದಲ್ಲಿ ಹಾಕಿ. ಯಾವ ತಿಂಗಳ ಸ್ನೋಮೆಡ್ ಬಳಸಿದಿರಿ ಅಂತಲೂ ಬರೆಯಿರಿ, ಅದು ಬದಲಾಗ್ತಾ ಇರುತ್ತದೆ.

‘ಹುಡುಕಿ ಬದಲಿಸು’ ಗುಂಡಿ ಒತ್ತಿ ಕೆಲಸ ಮುಗಿಸೋ ಆಸೆ ಬರುತ್ತದೆ. ಬೇಡ. ‘ತಂದೆಗೆ ಡಿಎಂ’ ಅಂತ ಬರೆದಿದ್ದರೆ ರೋಗಿಗೇ ಶುಗರ್ ಅಂಟಿಸಿಬಿಡುತ್ತೀರಿ. ‘ಡಿಎಂ ಇಲ್ಲ’ ಅಂತ ಬರೆದವರಿಗೂ ಅಷ್ಟೇ. ಕುಟುಂಬದ ಇತಿಹಾಸಕ್ಕೆ, ‘ಇಲ್ಲ’ ಅನ್ನೋದಕ್ಕೆ ಸ್ನೋಮೆಡ್‌ನಲ್ಲಿ ಬೇರೆಯೇ ವಿಭಾಗ ಇದೆ. ಸಂಕ್ಷಿಪ್ತ ಅಕ್ಷರಗಳ ಕಾಟ ಇನ್ನೊಂದು. ಕ್ಯಾಶುವಾಲ್ಟಿಯಲ್ಲಿ ‘ಆರ್‌ಟಿಎ’ ಅಂದರೆ ರಸ್ತೆ ಅಪಘಾತ. ಕಿಡ್ನಿ ವಿಭಾಗದಲ್ಲಿ ಅದೇ ಅಕ್ಷರ ರೀನಲ್ ಟ್ಯೂಬುಲಾರ್ ಅಸಿಡೋಸಿಸ್ ಅನ್ನೋ ಕಿಡ್ನಿ ಕಾಯಿಲೆ! ಯಾವ ವಾರ್ಡಿನ ಶೀಟು ಅಂತ ನೋಡದೆ ಕೋಡ್ ಹಾಕಿದರೆ ಕಿಡ್ನಿ ರೋಗಿ ಬೈಕಿನಿಂದ ಬಿದ್ದಂತಾಗುತ್ತದೆ.

ಇನ್ನೊಂದು ಮಾತು. ಒಬ್ಬರೇ ಕೂತು ಕೋಡ್ ಮಾಡಬೇಡಿ. ಒಂದಿಷ್ಟು ಶೀಟುಗಳನ್ನು ನಿಮ್ಮ ಜೊತೆಯವರೊಬ್ಬರು ನಿಮ್ಮದನ್ನು ನೋಡದೆ ಕೋಡ್ ಮಾಡಲಿ. ಎರಡನ್ನೂ ಹೋಲಿಸಿ ಕಪ್ಪಾ (ಇಬ್ಬರ ಕೋಡ್ ಎಷ್ಟು ಹೊಂದುತ್ತದೆ ಅನ್ನೋ ಅಳತೆ) ಲೆಕ್ಕ ಹಾಕಿ. ವೈವಾದಲ್ಲಿ ಕೇಳೇ ಕೇಳುತ್ತಾರೆ.

ಪ್ರಶ್ನೆ: ಅವ್ವನಿಗೆ ಬೀದರಿನಲ್ಲಿ ರಕ್ತ ಪರೀಕ್ಷೆ ಮಾಡಿಸಿ ಹೈದರಾಬಾದಿಗೆ ಕರೆದುಕೊಂಡು ಹೋದೆವು. ಅಲ್ಲಿ ಮತ್ತೆ ಎಲ್ಲ ಪರೀಕ್ಷೆ ಮಾಡಿಸಿದರು. ಎರಡೂ ಕಡೆ ಕಂಪ್ಯೂಟರ್ ಇದೆ, ಒಂದರ ಮಾತು ಇನ್ನೊಂದಕ್ಕೆ ತಿಳಿಯೋದಿಲ್ಲವೇ? – ಶಿಕ್ಷಕರು, ಭಾಲ್ಕಿ

ಉತ್ತರ: ಮತ್ತೆ ಮಾಡಿಸೋದಕ್ಕೆ ಕೆಲವು ಸಲ ಸರಿಯಾದ ಕಾರಣವೇ ಇರುತ್ತದೆ ಸರ್, ವಾರ ಕಳೆದರೆ ಪ್ರಮಾಣ ಬದಲಾಗುತ್ತದೆ. ಆದರೆ ನೀವು ಕೇಳಿದ್ದೂ ನಿಜ. ಒಂದು ಲ್ಯಾಬ್ ‘ಎಫ್‌ಬಿಎಸ್’ (ಖಾಲಿ ಹೊಟ್ಟೆಯ ಶುಗರ್) ಅನ್ನುತ್ತದೆ, ಇನ್ನೊಂದು ‘ಗ್ಲೂಕೋಸ್’ ಅಂತಷ್ಟೇ ಬರೆಯುತ್ತದೆ. ಊಟಕ್ಕೆ ಮುಂಚೆಯೋ ಆಮೇಲೋ ಯಾರಿಗೆ ಗೊತ್ತು? ಖಾಲಿ ಹೊಟ್ಟೆಯಲ್ಲಿ 126 ಬಂದರೆ ಡಾಕ್ಟರು ಶುಗರ್ ಇದೆಯೇ ಅಂತ ಯೋಚಿಸುತ್ತಾರೆ. ಊಟ ಆದ ಮೇಲೆ ಅದೇ 126 ಮಾಮೂಲು.

ಇದಕ್ಕೇ 1994ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ‘ಲಾಯಿಂಕ್’ ಅನ್ನೋ ಕೋಡ್ ಪಟ್ಟಿ ಶುರು ಮಾಡಿದರು. ಏನು ಅಳೆದರು, ಯಾವ ರೀತಿಯ ಅಳತೆ, ಯಾವ ಸಮಯದ್ದು, ರಕ್ತವೋ ಮೂತ್ರವೋ, ಉತ್ತರ ಸಂಖ್ಯೆಯೋ ಮಾತೋ, ಬೇಕಾದಲ್ಲಿ ಯಾವ ವಿಧಾನ, ಇಷ್ಟನ್ನೂ ನೋಡಿ ಪರೀಕ್ಷೆಗೆ ನಂಬರ್ ಕೊಡುತ್ತಾರೆ. ಎರಡೂ ಲ್ಯಾಬ್ ಈ ನಂಬರ್ ಹಾಕಿದರೆ ಕಂಪ್ಯೂಟರ್‌ಗೆ ಗೊಂದಲ ಇಲ್ಲ. 2021ರಲ್ಲಿ ದೇಶದಾದ್ಯಂತ ಬಂದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನ 14 ಅಂಕಿಯ ‘ಆಭಾ’ ಸಂಖ್ಯೆ ದಾಖಲೆ ಯಾರದು ಅಂತ ಹೇಳುತ್ತದೆ. ಒಳಗೆ ಬರೆದದ್ದರ ಅರ್ಥ ಹೇಳೋದು ಅದರ ಕೆಲಸ ಅಲ್ಲ.

ಸದ್ಯಕ್ಕೆ ನೀವು ಮಾಡಬಹುದಾದ್ದು ಇಷ್ಟು. ವಾಟ್ಸಾಪಿನಲ್ಲಿ ಬರೀ ನಂಬರ್ ಬರೆದು ಕಳಿಸಬೇಡಿ, ರಿಪೋರ್ಟಿನ ಹಾಳೆಯನ್ನೇ ಒಯ್ಯಿರಿ. ಅದರಲ್ಲಿ ಯೂನಿಟ್ ಇರಲಿ. ಕೆಲವು ಹೊರದೇಶಗಳ ರಿಪೋರ್ಟುಗಳಲ್ಲಿ ಶುಗರ್ ಮಿಲಿಮೋಲ್‌ನಲ್ಲಿರುತ್ತದೆ, 18ರಿಂದ ಗುಣಿಸಿದರೆ ನಮ್ಮ ಮಿಲಿಗ್ರಾಂ ಲೆಕ್ಕ ಸಿಗುತ್ತದೆ.

ಪ್ರಶ್ನೆ: ನಾನು ಸ್ಟಾಫ್ ನರ್ಸ್. ರಾತ್ರಿ ಹೊಲಕ್ಕೆ ನೀರು ಬಿಡೋಕೆ ಹೋಗಿ ಹಾವು ಕಚ್ಚಿಸಿಕೊಂಡವರು ಬರುತ್ತಾರೆ. ನಮ್ಮ ಕಂಪ್ಯೂಟರ್‌ನಲ್ಲಿ ಯಾವ ಹಾವು ಅಂತ ಆರಿಸಬೇಕು. ರೋಗಿಗೆ ಗೊತ್ತಿರೋದಿಲ್ಲ. ನಾಗರಹಾವು ಅಂತ ಹಾಕಲೇ? – ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಹಾಕಬೇಡ ತಂಗಿ. ‘ಹಾವು, ಯಾವುದು ಗೊತ್ತಿಲ್ಲ’ ಅನ್ನೋ ಆಯ್ಕೆ ಇದ್ದರೆ ಅದನ್ನೇ ಒತ್ತು. ಹಾವೇ ಕಾಣದಿದ್ದರೆ ‘ಗೊತ್ತಿಲ್ಲದ ಕಡಿತ’. ಆ ಆಯ್ಕೆ ಇಲ್ಲದಿದ್ದರೆ ಷರಾ ಬರೆಯೋ ಜಾಗದಲ್ಲಿ ರೋಗಿ ಹೇಳಿದ ಮಾತನ್ನು ಹಾಗೇ ಬರೆದು, ಮೇಲಿನವರಿಗೆ ತಿಳಿಸು. ಚಿಕಿತ್ಸೆ ಇದಕ್ಕಾಗಿ ನಿಲ್ಲೋದಿಲ್ಲ. ನಮ್ಮಲ್ಲಿ ಸಿಗುವ ವಿಷನಿರೋಧಕ ಔಷಧಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಸೇರಿಯೇ ಇದೆ.

ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕು. ನೀನು ಸುಮ್ನೆ ಒತ್ತಿದ್ದೂ ಆ ಲೆಕ್ಕಕ್ಕೆ ಹೋಗುತ್ತದೆ. ಕಿಡ್ನಿ ಕೆಡಿಸಬಲ್ಲ ಮಂಡಲದ ಹಾವು ಕಚ್ಚಿದವರೆಲ್ಲ ನಾಗರಹಾವಿನ ಸಾಲಿಗೆ ಸೇರಿದರೆ, ಆಮೇಲೆ ಡಯಾಲಿಸಿಸ್ ಎಷ್ಟು ಜನಕ್ಕೆ ಬೇಕಾಗಬಹುದು ಅಂತ ಲೆಕ್ಕ ಹಾಕೋರು ಎಲ್ಲಿ ನೋಡಬೇಕು? ಇಪ್ಪತ್ತು ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ನೋಡಿ ಡಾಕ್ಟರು ಏನಾದರೂ ನಿರ್ಧರಿಸಿದರೆ, ಅದನ್ನು ಅವರ ಹೆಸರು, ಸಮಯದ ಜೊತೆ ಹೊಸ ಸಾಲಾಗಿ ಸೇರಿಸು. ಮೊದಲಿನ ಸಾಲು ಹಾಗೇ ಇರಲಿ. ಮತ್ತೆ, ಕಂಪ್ಯೂಟರ್ ಕೇಳಿತು ಅಂತ ರೋಗಿಯ ಕಡೆಯವರನ್ನು ಹಾವು ಹುಡುಕೋಕೆ ಮಾತ್ರ ಕಳಿಸಬೇಡ.