ಬಿದ್ದ ದಿನವೇ ಹುಟ್ಟಿದ ಬಾಕಿ

ಓದುಗರ ಪತ್ರ (ಸಂಕ್ಷಿಪ್ತವಾಗಿ):

ಅಣ್ಣಾ, ನಮ್ಮದು ಶಿರಸಿ ತಾಲ್ಲೂಕಿನ ಒಂದು ಹಳ್ಳಿ. ನನ್ನ ಯಜಮಾನರು ಸೆಂಟ್ರಿಂಗ್ ಕೆಲಸದವರು, ವಯಸ್ಸು 40. 2025ರ ಮೇ ತಿಂಗಳಲ್ಲಿ ಕುಮಟಾದಲ್ಲಿ ಎರಡನೇ ಮಾಳಿಗೆಯ ಸ್ಲ್ಯಾಬಿಗೆ ಹಲಗೆ ಹೊಡೆಯುತ್ತಿದ್ದಾಗ ಗಳ ಜಾರಿ ಕೆಳಗೆ ಬಿದ್ದರು. ಬಲತೊಡೆಯ ಮೂಳೆ, ಹಿಮ್ಮಡಿ ಎರಡೂ ಮುರಿದವು. ಹುಬ್ಬಳ್ಳಿಯಲ್ಲಿ ಎರಡು ಸಲ ಆಪರೇಷನ್ ಆಯಿತು. ಕೋಲು ಹಿಡಿದು ಅಂಗಳದವರೆಗೆ ಬರುತ್ತಾರೆ, ಮೆಟ್ಟಿಲು ಹತ್ತಲಾಗುವುದಿಲ್ಲ. ಮೊದಲ ಬಿಲ್ಲನ್ನು ಕಂಟ್ರಾಕ್ಟರ್ ಕಟ್ಟಿದರು. ಎರಡನೆಯದಕ್ಕೆ ನನ್ನ ಸರ ಅಡವಿಟ್ಟೆ. ಕೇಳಲು ಹೋದರೆ ‘ಅವನು ಮೇಸ್ತ್ರಿಯ ಆಳು, ನಮ್ಮವನಲ್ಲ’ ಅಂದರು. ಮತ್ತೊಮ್ಮೆ ‘ಬೆಲ್ಟ್ ಹಾಕಿರಲಿಲ್ಲ, ಅವನದ್ದೇ ತಪ್ಪು’ ಅಂದರು. ಮಾರಿಕಾಂಬಾ ಜಾತ್ರೆ ಮುಗಿಯಲಿ, ಕೂತು ಮಾತಾಡೋಣ ಅಂದರು. ಜಾತ್ರೆಯೂ ಮುಗಿಯಿತು. ಈಗ ಛಾಪಾ ಕಾಗದ ಕಳಿಸಿದ್ದಾರೆ. ಸಹಿ ಹಾಕಿದರೆ 50,000 ಕೊಡುತ್ತಾರಂತೆ. ಅದರ ಫೋಟೊ ಇದರೊಂದಿಗೆ ಇದೆ. ಕೋರ್ಟಿಗೆ ಹೋಗುವಷ್ಟು ನಮಗೆ ತ್ರಾಣ ಇಲ್ಲ. ಎಂತ ಮಾಡೂದು ಹೇಳಿ. (ಹೆಸರು ಬೇಡ.)

ಸಂಪಾದಕರ ಉತ್ತರ:

ತಂಗಿ,

ನಿಮ್ಮ ಪತ್ರ ಬಂದ ದಿನವೇ ಉತ್ತರ ಬರೆಯಲು ಕೂತೆ. ಅಂಚೆಯಲ್ಲೂ ಒಂದು ಪ್ರತಿ ಕಳಿಸುತ್ತಿದ್ದೇನೆ, ಸಂಚಿಕೆ ಅಚ್ಚಾಗುವವರೆಗೆ ನೀವು ಕಾಯಬಾರದು. ಮೊದಲ ಮಾತು: ಆ ಕಾಗದಕ್ಕೆ ಸಹಿ ಹಾಕಬೇಡಿ. ಯಜಮಾನರಿಂದಲೂ ಹಾಕಿಸಬೇಡಿ. ಹರಿದೂ ಹಾಕಬೇಡಿ, ಜೋಪಾನವಾಗಿ ಎತ್ತಿಡಿ. ಯಾಕೆಂದು ಕೊನೆಗೆ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ‘ಕಂಟ್ರಾಕ್ಟರ್ ಏನಾದರೂ ಕೊಟ್ಟಾರೇ’ ಎಂಬ ಅಳುಕು ಸಾಲುಸಾಲಿಗೂ ಇದೆ. ಆ ಅಳುಕನ್ನು ಬಿಡಬೇಕು. ಕೆಲಸದ ಜಾಗದಲ್ಲಿ ಕೆಲಸದ ಕಾರಣದಿಂದ ಪೆಟ್ಟಾದರೆ ಕೆಲಸ ಕೊಟ್ಟವರು ಪರಿಹಾರ ಕೊಡಬೇಕೆಂದು ನಮ್ಮ ದೇಶದಲ್ಲಿ 1923ರಿಂದಲೂ ಕಾನೂನಿದೆ. ಹಿಂದೆ ಕಾರ್ಮಿಕರ ಪರಿಹಾರ ಕಾಯ್ದೆ ಎನ್ನುತ್ತಿದ್ದರು, 2010ರಿಂದ ನೌಕರರ ಪರಿಹಾರ ಕಾಯ್ದೆ. ಹನ್ನೆರಡು ಅಡಿಗಿಂತ ಎತ್ತರದ ಅಥವಾ ಒಂದಕ್ಕಿಂತ ಹೆಚ್ಚು ಅಂತಸ್ತಿನ ಕಟ್ಟಡದ ಕೆಲಸದವರು ಅದರ ಪಟ್ಟಿಯಲ್ಲೇ ಇದ್ದಾರೆ. ಕಂಟ್ರಾಕ್ಟರ್ ತಪ್ಪು ಮಾಡಿದ್ದಾರೆಂದು ನೀವು ಸಾಬೀತು ಮಾಡಬೇಕಾಗಿಯೂ ಇಲ್ಲ. ಕೆಲಸದಲ್ಲಿದ್ದರು, ಕೆಲಸ ಮಾಡುತ್ತಿರುವಾಗ ಬಿದ್ದರು, ಇಷ್ಟು ತೋರಿಸಿದರೆ ಸಾಕು.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ, ಈ ಹಳೆಯ ಕಾಯ್ದೆ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಹೋಗಿದೆ. ‘ಕಾಯ್ದೆಯೇ ಹೋಯಿತು’ ಎಂದು ಯಾರಾದರೂ ಹೆದರಿಸಿದರೆ ಹೆದರಬೇಡಿ. ನಿಮ್ಮವರು ಬಿದ್ದದ್ದು ಅದಕ್ಕೂ ಮೊದಲು, ಹಾಗಾಗಿ ನಿಮ್ಮ ಹಕ್ಕು ಹಳೆಯ ಕಾಯ್ದೆಯಲ್ಲೇ ಹುಟ್ಟಿದೆ. ಆ ತಾರೀಖಿನ ನಂತರ ಬಿದ್ದವರಿಗೆ ಹೊಸ ಸಂಹಿತೆಯಲ್ಲಿ ಹೆಚ್ಚುಕಡಿಮೆ ಇದೇ ಚೌಕಟ್ಟು ಉಳಿದಿದೆ. ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವೂ, ಕೆಲಸದೊಂದಿಗೆ ಅದಕ್ಕೆ ನಂಟಿದ್ದರೆ, ಅದರೊಳಗೆ ಬರುತ್ತದೆ.

ಈಗ ಕಂಟ್ರಾಕ್ಟರ್ ಹೇಳಿದ ಮಾತುಗಳಿಗೆ ಬರುತ್ತೇನೆ. ‘ಮೇಸ್ತ್ರಿಯ ಆಳು’ ಎಂಬ ಮಾತು ಕರಾವಳಿಯ ಪ್ರತಿ ಕಟ್ಟಡದಲ್ಲೂ ಕೇಳುತ್ತದೆ. ಕಟ್ಟಡದ ಗುತ್ತಿಗೆ ಒಬ್ಬರದು, ಸೆಂಟ್ರಿಂಗ್ ಇನ್ನೊಬ್ಬರಿಗೆ, ಕಂಬಿ ಕಟ್ಟುವುದು ಮತ್ತೊಬ್ಬರಿಗೆ. ಆಳು ಬಿದ್ದಾಗ ಎಲ್ಲರೂ ಪಕ್ಕದವರ ಕಡೆ ಬೆರಳು ತೋರಿಸುತ್ತಾರೆ. ಕಾಯ್ದೆಯ 12ನೇ ಕಲಂ ಬರೆದದ್ದೇ ಇದಕ್ಕಾಗಿ. ತಾನು ಹಿಡಿದ ಕೆಲಸದ ಒಂದು ಭಾಗವನ್ನು ಇನ್ನೊಬ್ಬರಿಂದ ಮಾಡಿಸಿದರೂ, ಆ ಆಳನ್ನು ತಾನೇ ನೇಮಿಸಿದ್ದರೆ ಎಷ್ಟು ಕೊಡಬೇಕಿತ್ತೋ ಅಷ್ಟನ್ನು ಮುಖ್ಯ ಗುತ್ತಿಗೆದಾರರು ಕೊಡಬೇಕು. ಮೇಸ್ತ್ರಿಯಿಂದ ವಸೂಲು ಮಾಡಿಕೊಳ್ಳುವುದು ಅವರವರ ನಡುವಿನ ವ್ಯವಹಾರ. ನೀವು ಇಬ್ಬರನ್ನೂ ಎದುರುಗಾರರನ್ನಾಗಿ ಮಾಡಿ. ಅವರು ಕಾರ್ಮಿಕರ ವಿಮೆ ಮಾಡಿಸಿದ್ದರೆ ವಿಮಾ ಕಂಪನಿಯನ್ನೂ ಸೇರಿಸಿ. (ಸ್ವಂತಕ್ಕೆ ಮನೆ ಕಟ್ಟಿಸುವವರ ಸಂಗತಿ ಬೇರೆ. ಕಟ್ಟಡ ಕಟ್ಟುವುದು ಅವರ ವ್ಯಾಪಾರವಲ್ಲ, ಆದ್ದರಿಂದ ಹೊಣೆ ಸಾಮಾನ್ಯವಾಗಿ ಗುತ್ತಿಗೆದಾರರ ಮೇಲೆಯೇ ನಿಲ್ಲುತ್ತದೆ.)

ಬೆಲ್ಟಿನ ವಿಷಯ. ಸುರಕ್ಷತೆಗೆಂದು ಕೊಟ್ಟ ಸಾಧನವನ್ನು ಕೆಲಸಗಾರ ಗೊತ್ತಿದ್ದೂ ಬೇಕೆಂದೇ ಬಿಟ್ಟಿದ್ದರೆ ಮಾತ್ರ ಮಾಲೀಕರಿಗೆ ಆ ನೆಪ ಸಿಗುತ್ತದೆ. ಆ ಜಾಗದಲ್ಲಿ ಬೆಲ್ಟ್ ಇತ್ತೇ? ಅದನ್ನು ಸಿಕ್ಕಿಸಲು ಹಗ್ಗವೋ ಕಂಬಿಯೋ ಇತ್ತೇ? ಯಜಮಾನರನ್ನು ಕೇಳಿ, ಜೊತೆಗಿದ್ದವರನ್ನು ಕೇಳಿ. ಮೇ ತಿಂಗಳಲ್ಲಿ ನಮ್ಮ ಕಡೆ ಕೆಲಸ ಹೇಗೆ ಓಡುತ್ತದೆಂದು ನನಗೂ ಗೊತ್ತು. ಮಿರ್ಗದ ಮಳೆ ಹಿಡಿಯುವುದರೊಳಗೆ ಸ್ಲ್ಯಾಬ್ ಬೀಳಬೇಕೆಂಬ ಅವಸರ. ಹಿಂದಿನ ಕೆಲಸದಿಂದ ಕಿತ್ತು ತಂದ ಗಾಳಿಮರದ ಗಳವನ್ನೇ ಮತ್ತೆ ನಿಲ್ಲಿಸುತ್ತಾರೆ, ಕೆಳಗೆ ಹಸಿಮಣ್ಣು, ಅಡಿಗೆ ಒಂದು ತುಂಡು ಹಲಗೆ. ಆ ಗಳ ಜಾರಿದ್ದು ಬೆಲ್ಟ್ ಇಲ್ಲದ್ದಕ್ಕಲ್ಲ. ಇನ್ನು ಮುಂದೆ ‘ಕುಡಿದಿದ್ದ’ ಎಂಬ ಮಾತು ಬಂದರೂ ಬರಬಹುದು. ಆಸ್ಪತ್ರೆಯಲ್ಲಿ ಮೊದಲ ದಿನ ಬರೆದ ಕೇಸ್ ಶೀಟು ಅದಕ್ಕೆ ಉತ್ತರ ಕೊಡುತ್ತದೆ. ಅದರ ನಕಲನ್ನು ಈಗಲೇ ಕೇಳಿ ಪಡೆಯಿರಿ.

ಹಣದ ಲೆಕ್ಕ ಬಿಡಿಸಿ ಹೇಳುತ್ತೇನೆ, ಯಾಕೆಂದರೆ 50,000 ದೊಡ್ಡದೋ ಸಣ್ಣದೋ ಎಂಬುದು ಆಗಲೇ ತಿಳಿಯುವುದು. ಕೂಲಿ ಎಷ್ಟೇ ಇದ್ದರೂ ಲೆಕ್ಕಕ್ಕೆ ಹಿಡಿಯುವುದು ತಿಂಗಳಿಗೆ 15,000 ರೂಪಾಯಿಯವರೆಗೆ ಮಾತ್ರ. 2020ರ ಜನವರಿಯಿಂದ ಆ ಮಿತಿ ಇದೆ. ದಿನಕ್ಕೆ 800ರಂತೆ ದುಡಿಯುತ್ತಿದ್ದರು ಎಂದು ಬರೆದಿದ್ದೀರಿ, ಅಂದರೆ ಮಿತಿ ದಾಟಿದೆ, 15,000 ಎಂದೇ ಹಿಡಿಯೋಣ. ಅದರ ನೂರಕ್ಕೆ 60 ಅಂದರೆ 9,000. ವಯಸ್ಸಿಗೆ ತಕ್ಕಂತೆ ಒಂದು ಗುಣಕ ಕಾಯ್ದೆಯಲ್ಲೇ ಅಚ್ಚಾಗಿದೆ, 40 ತುಂಬಿದವರಿಗೆ 184.17. ಎರಡನ್ನೂ ಗುಣಿಸಿದರೆ 16,57,530 ರೂಪಾಯಿ. ದುಡಿಯುವ ಶಕ್ತಿ ಪೂರ್ತಿ ಹೋಗಿದ್ದರೆ ಇದು ಮೊತ್ತ. ಅರ್ಧ ಹೋಗಿದೆ ಎಂದು ತೀರ್ಮಾನವಾದರೂ 8,28,765. ಇದರ ಮೇಲೆ ವರ್ಷಕ್ಕೆ ನೂರಕ್ಕೆ 12ರ ಬಡ್ಡಿ. ಅರ್ಧದ ಲೆಕ್ಕದಲ್ಲೇ ಒಂದು ವರ್ಷದ ಬಡ್ಡಿ 99,000 ದಾಟುತ್ತದೆ. ಅವರು ಕೊಡುತ್ತೇನೆನ್ನುವ 50,000 ಒಂದು ವರ್ಷದ ಬಡ್ಡಿಗೂ ಸಾಲುವುದಿಲ್ಲ, ತಂಗಿ. ಕಾರಣವಿಲ್ಲದೆ ತಡ ಮಾಡಿದ್ದಾರೆಂದು ಕಂಡರೆ ಪರಿಹಾರದ ಅರ್ಧದವರೆಗೆ ದಂಡವನ್ನೂ ಹಾಕಬಹುದು. ಚಿಕಿತ್ಸೆಗೆ ನಿಜವಾಗಿ ಆದ ಖರ್ಚು ಬೇರೆ, ಅದನ್ನೂ ಅವರೇ ತುಂಬಿಕೊಡಬೇಕು. ನಿಮ್ಮ ಸರ ಅಡವಿಟ್ಟ ರಸೀದಿ, ಎರಡನೇ ಆಪರೇಷನ್ನಿನ ಬಿಲ್ಲು, ಔಷಧಿ ಚೀಟಿ ಒಂದನ್ನೂ ಕಳೆಯಬೇಡಿ. ಮೊದಲ ಬಿಲ್ಲು ಕಟ್ಟಿದ್ದನ್ನು ಪರಿಹಾರದಲ್ಲಿ ಮುರಿದುಕೊಳ್ಳುತ್ತೇವೆಂದು ಅವರು ಹೇಳಿದರೆ ಒಪ್ಪಬೇಡಿ.

‘ಎಷ್ಟು ಹೋಗಿದೆ’ ಎಂಬುದೇ ಇಡೀ ವ್ಯಾಜ್ಯದ ಹೃದಯ. ಕೈಯ ಹೆಬ್ಬೆರಳು ಹೋದರೆ ನೂರಕ್ಕೆ 30 ಎಂಬ ರೀತಿಯ ಪಟ್ಟಿ ಕಾಯ್ದೆಯಲ್ಲಿದೆ. ನಿಮ್ಮವರ ಪೆಟ್ಟು ಆ ಪಟ್ಟಿಗೆ ಸೇರದ್ದು. ಇಂಥದ್ದರಲ್ಲಿ ಅರ್ಹ ವೈದ್ಯರು ಪರೀಕ್ಷಿಸಿ ಹೇಳಬೇಕು. ವೈದ್ಯರು ಕಾಲಿನ ಊನ ಇಷ್ಟು ಎಂದು ಬರೆಯುತ್ತಾರೆ, ಕಾನೂನು ಕೇಳುವುದು ಗಳಿಕೆಯ ನಷ್ಟ ಎಷ್ಟು ಎಂದು. ಎರಡೂ ಒಂದೇ ಅಲ್ಲ. ಗುಮಾಸ್ತರೊಬ್ಬರ ಕಾಲು ಸೆಟೆದು ಮಡಚಲಾಗದಿದ್ದರೆ ಕುರ್ಚಿಯ ಕೆಲಸ ನಡೆಯುತ್ತದೆ. ಸೆಂಟ್ರಿಂಗಿನವರಿಗೆ ಏಣಿ ಹತ್ತಲಾಗದಿದ್ದರೆ ಕಸುಬೇ ಮುಗಿಯಿತು. ಇದನ್ನು ಸುಪ್ರೀಂ ಕೋರ್ಟು 1975ರ ಡಿಸೆಂಬರಿನಲ್ಲೇ ಹೇಳಿದೆ. ಸಿನಿಮಾ ಮಂದಿರವೊಂದರಲ್ಲಿ ಅಲಂಕಾರದ ಕೆಲಸ ಮಾಡುತ್ತಿದ್ದ ಬಡಗಿಯೊಬ್ಬರು 1968ರಲ್ಲಿ ಮೇಲಿನಿಂದ ಬಿದ್ದು ಎಡಗೈ ಕಳೆದುಕೊಂಡರು. ಒಂದು ಕೈ ಇದೆಯಲ್ಲ, ಪೂರ್ತಿ ನಷ್ಟ ಹೇಗೆ ಎಂದು ಮಾಲೀಕರು ವಾದಿಸಿದರು. ಒಂದೇ ಕೈಯಲ್ಲಿ ಬಡಗಿ ಕೆಲಸ ಆಗುವುದಿಲ್ಲ, ಹಾಗಾಗಿ ನಷ್ಟ ನೂರಕ್ಕೆ ನೂರು ಎಂಬ ತೀರ್ಮಾನವನ್ನು ನಾಲ್ವರು ನ್ಯಾಯಮೂರ್ತಿಗಳ ಪೀಠ ಎತ್ತಿಹಿಡಿಯಿತು. ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳಿತು: ಪರಿಹಾರ ಸಲ್ಲಬೇಕಾದದ್ದು ಅಪಘಾತವಾದ ದಿನದಿಂದ, ಆದೇಶವಾದ ದಿನದಿಂದಲ್ಲ. ನಿಮ್ಮವರು ಬಿದ್ದ ಗಳಿಗೆಯಲ್ಲೇ ಕಂಟ್ರಾಕ್ಟರ್ ಹೆಸರಿನಲ್ಲಿ ಬಾಕಿ ಬರೆದಾಯಿತು. ನೀವು ಹೋಗಿ ಕೇಳುವುದು ಆ ಬಾಕಿಯನ್ನು. ತಲೆ ತಗ್ಗಿಸುವ ಕೆಲಸ ಇದರಲ್ಲಿ ಏನೂ ಇಲ್ಲ.

ಕೋರ್ಟಿಗೆ ತ್ರಾಣವಿಲ್ಲ ಎಂದಿರಿ. ಕುಮಟಾಕ್ಕೋ ಕಾರವಾರಕ್ಕೋ ಓಡಾಡಬೇಕೆಂದು ನೀವು ತಿಳಿದಂತಿದೆ. ಬೇಡ. ಅಪಘಾತವಾದ ಊರಿನಲ್ಲಿ ಮಾತ್ರವಲ್ಲ, ಅರ್ಜಿದಾರರು ವಾಸವಿರುವ ಕಡೆಯೂ ಅರ್ಜಿ ಹಾಕಬಹುದು. ಕರ್ನಾಟಕದಲ್ಲಿ ಇಂಥ ಅರ್ಜಿ ತೀರ್ಮಾನಿಸುವ ಪರಿಹಾರ ಆಯುಕ್ತರ ಅಧಿಕಾರ ಹಿರಿಯ ಸಿವಿಲ್ ನ್ಯಾಯಾಧೀಶರಿಗಿದೆ, ಶಿರಸಿಯಲ್ಲೇ ಆ ನ್ಯಾಯಾಲಯ ಇದೆ. ವಕೀಲರ ಫೀಜಿಗೆ ಇನ್ನೊಂದು ಒಡವೆ ಅಡವಿಡಬೇಡಿ. ಅದೇ ಕೋರ್ಟಿನ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಎಲ್ಲಿದೆ ಎಂದು ಕೇಳಿ. 1987ರ ಕಾನೂನಿನಂತೆ ಕೈಗಾರಿಕಾ ಕಾರ್ಮಿಕರಿಗೆ, ಅಂಗವಿಕಲರಿಗೆ, ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಡಿಮೆ ಆದಾಯದವರಿಗೆ ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ಫೋನಿನಲ್ಲಿ ಕೇಳುವುದಾದರೆ 15100. ಮೂರು ತಿಂಗಳಲ್ಲಿ ತೀರ್ಮಾನವಾಗಬೇಕೆಂದು ಕಾಯ್ದೆಯಲ್ಲಿದೆ, ಆದರೆ ನಡೆಯುವಾಗ ಅದಕ್ಕಿಂತ ಹೆಚ್ಚೇ ಹಿಡಿಯುತ್ತದೆ, ಇದನ್ನು ನಿಮ್ಮಿಂದ ಮುಚ್ಚಿಡಲಾರೆ. ಬಡ್ಡಿ ಮಾತ್ರ ಅಲ್ಲಿಯವರೆಗೂ ಬೆಳೆಯುತ್ತದೆ. ಮೊತ್ತ ಕೊಡಬೇಕೆಂದು ಆದೇಶವಾದ ಮೇಲೆ ಮಾಲೀಕರು ಹೈಕೋರ್ಟಿಗೆ ಹೋಗಬೇಕಾದರೂ ಮೊದಲು ಆ ಹಣವನ್ನು ಠೇವಣಿ ಇಡಬೇಕು.

ಒಂದು ಗಡುವು ಇದೆ. ಅಪಘಾತವಾದ ದಿನದಿಂದ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ನಿಮಗೆ 2027ರ ಮೇ ಕೊನೆಯ ಗಡಿ. ಸಾಕಷ್ಟು ಕಾರಣವಿದ್ದರೆ ತಡವನ್ನು ಮನ್ನಿಸಬಹುದು, ಆದರೆ ಅದನ್ನು ನಂಬಿ ಕೂರಬೇಡಿ. ನನ್ನ ಸೋದರಮಾವ ಒಬ್ಬರು ಚಿರೆಕಲ್ಲಿನ ಗೋಡೆ ಕಟ್ಟುವವರು. ಸಾರುವೆ ಮುರಿದು ಬಿದ್ದು ಬೆನ್ನು ಹೋಯಿತು. ಕೆಲಸ ಮಾಡಿಸಿದವರು ಹಬ್ಬಕ್ಕೆ ಒಂದು ಮೂಟೆ ಅಕ್ಕಿ ಕಳಿಸುತ್ತಿದ್ದರು, ‘ನಾನಿದ್ದೇನೆ’ ಎನ್ನುತ್ತಿದ್ದರು. ಒಳ್ಳೆಯವರು, ಮುಖ ಕೆಡಿಸಿಕೊಳ್ಳುವುದು ಬೇಡ ಎಂದು ಅತ್ತೆ ಕಾದರು. ಮೂರನೇ ವರ್ಷ ಅಕ್ಕಿಯೂ ನಿಂತಿತು. ಆಗ ವಕೀಲರಲ್ಲಿಗೆ ಹೋದರೆ ಅವರು ಮೊದಲು ಕೇಳಿದ್ದು ತಾರೀಖು. ಅತ್ತೆ ಆ ದಿನ ಮನೆಗೆ ಬಂದು ಜಗಲಿಯ ಮೇಲೆ ಕೂತ ರೀತಿ ಇವತ್ತಿಗೂ ನನ್ನ ಕಣ್ಣಲ್ಲಿದೆ. ‘ಜಾತ್ರೆ ಮುಗಿಯಲಿ’ ಎಂಬ ಮಾತನ್ನು ನಿಮ್ಮ ಪತ್ರದಲ್ಲಿ ಓದಿದಾಗ ನನಗೆ ಕೇಳಿಸಿದ್ದು ಆ ಅಕ್ಕಿಯ ಮೂಟೆ ಇಳಿಸುವ ಸದ್ದು.

ಹಾಜರಿ ಪುಸ್ತಕ, ಸಂಬಳದ ಚೀಟಿ ಏನೂ ಇಲ್ಲವೆಂದು ಬರೆದಿದ್ದೀರಿ. ನಮ್ಮ ಕಟ್ಟಡ ಕೆಲಸದಲ್ಲಿ ಅವು ಯಾರ ಬಳಿಯೂ ಇರುವುದಿಲ್ಲ. ವಾರದ ಬಟವಡೆ ಫೋನ್‌ಪೇಯಲ್ಲಿ ಬರುತ್ತಿತ್ತೇ? ಬ್ಯಾಂಕಿಗೆ ಹೋಗಿ ಆ ತಿಂಗಳುಗಳ ಪಟ್ಟಿ ತೆಗೆಸಿ. ಮೇಸ್ತ್ರಿ ‘ನಾಳೆ ಏಳಕ್ಕೆ ಬಾ’ ಎಂದು ಕಳಿಸಿದ ವಾಟ್ಸಾಪ್ ಧ್ವನಿ ಇದ್ದರೆ ಉಳಿಸಿಕೊಳ್ಳಿ, ಫೋನ್ ಬದಲಿಸಬೇಡಿ. ಜೊತೆಗೆ ಹಲಗೆ ಹೊಡೆಯುತ್ತಿದ್ದವರು ಬಾಗಲಕೋಟೆ ಕಡೆಯವರು ಎಂದಿರಿ, ಮಳೆಗಾಲಕ್ಕೆ ಊರಿಗೆ ಹೋಗುವ ಮುಂಚೆ ಅವರ ನಂಬರು, ಊರು ಬರೆದುಕೊಳ್ಳಿ. ಕೆಲಸದಲ್ಲಿ ಬಿದ್ದದ್ದು ಎಂದು ಆಸ್ಪತ್ರೆಯವರು ಬರೆದು ಪೊಲೀಸರಿಗೆ ತಿಳಿಸಿದ ಎಂಎಲ್‌ಸಿ ದಾಖಲೆ ಎಲ್ಲಕ್ಕಿಂತ ಗಟ್ಟಿ. ನಮ್ಮ ಜಿಲ್ಲೆಯವರಿಗೆ ದೊಡ್ಡ ಪೆಟ್ಟಾದರೆ ಹುಬ್ಬಳ್ಳಿ, ಮಣಿಪಾಲ, ಕಾರವಾರದವರಾದರೆ ಗೋವಾ. ದಾಖಲೆಯೂ ಅಲ್ಲೇ ಉಳಿದುಬಿಡುತ್ತದೆ. ಇದನ್ನು ಓದುವ ಇತರರು ಡಿಸ್ಚಾರ್ಜ್ ಆಗುವಾಗಲೇ ನಕಲು ಕೇಳಿಕೊಳ್ಳಿ. ಪೊಲೀಸ್ ದೂರು ಆಗಿಲ್ಲವೆಂದು ನೀವು ಕಳವಳಪಟ್ಟಿದ್ದೀರಿ. ದೂರು ಕೊಟ್ಟರೆ ಒಳ್ಳೆಯದು, ಆದರೆ ಪರಿಹಾರದ ಅರ್ಜಿ ಅದಕ್ಕಾಗಿ ಕಾಯಬೇಕಿಲ್ಲ.

ಲೇಬರ್ ಕಾರ್ಡ್ ಇದೆಯಲ್ಲ, ಅದರ ದಾರಿ ಬೇರೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಕಟ್ಟಡದ ವೆಚ್ಚದ ಮೇಲೆ ಸಂಗ್ರಹಿಸುವ ನೂರಕ್ಕೆ 1ರ ಸುಂಕದಿಂದ ನಡೆಯುತ್ತದೆ. ಅಪಘಾತದಿಂದ ಊನವಾದ ನೋಂದಾಯಿತರಿಗೆ ಅಲ್ಲಿ ಸಹಾಯಧನ, ಪಿಂಚಣಿ ಎರಡೂ ಇವೆ. ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ಈ ವಾರವೇ ವಿಚಾರಿಸಿ, ತಡವಾದರೆ ಅರ್ಜಿ ತಳ್ಳಿಹೋದೀತು. ಮಂಡಳಿಯ ಹಣ ಬಂದರೂ ಕಂಟ್ರಾಕ್ಟರ್ ಬಾಕಿ ತೀರಿದಂತಲ್ಲ. ಕೂಲಿಯಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮಾ ನಿಗಮದ ವಂತಿಗೆ) ಮುರಿದುಕೊಳ್ಳುತ್ತಿದ್ದರೇ ಎಂಬುದೊಂದನ್ನು ಮಾತ್ರ ಖಚಿತಪಡಿಸಿಕೊಳ್ಳಿ. ಇಎಸ್‌ಐ ಇದ್ದವರಿಗೆ ಪರಿಹಾರ ಆ ನಿಗಮದಿಂದಲೇ ಬರುತ್ತದೆ, ಈ ಅರ್ಜಿ ನಡೆಯುವುದಿಲ್ಲ.

ಕೊನೆಗೆ ಆ ಛಾಪಾ ಕಾಗದ. ‘ಮುಂದೆ ಯಾವ ಹಕ್ಕೂ ಕೇಳುವುದಿಲ್ಲ’ ಎಂದು ಅದರಲ್ಲಿದೆ. ಹೀಗೆ ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಕರಾರಿಗೆ ಬೆಲೆಯಿಲ್ಲವೆಂದು 17ನೇ ಕಲಂ ಹೇಳುತ್ತದೆ. ರಾಜಿ ಮಾಡಿಕೊಂಡರೂ ಅದು ಆಯುಕ್ತರ ಮುಂದೆ ನೋಂದಣಿಯಾಗಬೇಕು, ಮೊತ್ತ ತೀರ ಕಡಿಮೆಯಿದ್ದರೆ ಅವರು ನಿರಾಕರಿಸಬಹುದು. ಹಾಗಿದ್ದರೂ ಸಹಿ ಹಾಕಬೇಡಿ ಎನ್ನುವುದು ಯಾಕೆಂದರೆ, ಹಾಕಿದ ಸಹಿಯನ್ನು ವಿವರಿಸುತ್ತಾ ಕಟಕಟೆಯಲ್ಲಿ ನಿಲ್ಲುವ ಕಷ್ಟ ನಿಮಗೆ ಬೇಡ.

ಇನ್ನು ಅದನ್ನು ಎತ್ತಿಡಿ ಎಂದದ್ದು ಯಾಕೆ? ನೀವು ಕಳಿಸಿದ ಫೋಟೊವನ್ನು ದೊಡ್ಡದು ಮಾಡಿ ಓದಿದೆ. ಎರಡನೇ ಸಾಲು ಹೀಗಿದೆ: ‘ಸದರಿಯವರು ನಮ್ಮ ಕುಮಟಾ ಕಟ್ಟಡದ ಕಾಮಗಾರಿಯಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಿರುವಾಗ ಆಕಸ್ಮಿಕವಾಗಿ ಬಿದ್ದು...’ ಕೆಳಗೆ ಎಡಗಡೆ ಕಂಟ್ರಾಕ್ಟರ್ ಸಹಿ, ಸೀಲು ಎರಡೂ ಬಿದ್ದಿವೆ. ‘ನಮ್ಮವನಲ್ಲ’ ಎಂದವರೇ ನಮ್ಮ ಕಾಮಗಾರಿ ಎಂದು ಬರೆದುಕೊಟ್ಟಿದ್ದಾರೆ. ಸೋಮವಾರ ಸಮಿತಿಗೆ ಹೋಗುವಾಗ ಆಧಾರ್, ಲೇಬರ್ ಕಾರ್ಡಿನ ಜೊತೆ ಮೂಲ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡು ಹೋಗಿ. ವಕೀಲರಿಗೆ ಮೊದಲು ಅದನ್ನೇ ತೋರಿಸಿ. ನಕಲು ಕೊಡಿ, ಮೂಲ ನಿಮ್ಮ ಕೈಯಲ್ಲೇ ಇರಲಿ.

ನಿಮ್ಮ ಅಣ್ಣ,
ಸಂಪಾದಕ