ಬಿಷಪ್ ಮನೆಯಲ್ಲಿ ಚಹಾ ಅಂಗಡಿ ಹೇಗೆ ಬಂತು?

ಪ್ರಶ್ನೆ: ಲಂಡನ್ನಿನಲ್ಲಿರುವ ಮಗಳು ಫುಲ್ಹಮ್ ಪ್ಯಾಲೇಸ್ ಫೋಟೋ ಕಳಿಸಿದ್ದಾಳೆ. ಬಿಷಪ್ ಮನೆಯಂತೆ, ಆದರೆ ಒಳಗೆ ಜನ ಕೇಕ್ ತಿನ್ನುತ್ತಾ ಕೂತಿದ್ದಾರೆ! ಬಿಷಪ್ ಎಲ್ಲಿ ಹೋದರು?
– ಓದುಗರೊಬ್ಬರು, ಕೋಡಿಬಾಗ, ಕಾರವಾರ

ಉತ್ತರ: ಬಿಷಪ್ ಮನೆ ಬಿಟ್ಟು 50 ವರ್ಷ ದಾಟಿತು. ಆ ಜಾಗ ಲಂಡನ್ ಬಿಷಪ್ಪರ ಕೈಗೆ ಬಂದದ್ದು 704ರಲ್ಲಿ, ಅಲ್ಲಿ ಇದ್ದ ಕೊನೆಯ ಬಿಷಪ್ ನಿವೃತ್ತರಾದದ್ದು 1973ರಲ್ಲಿ. ನಮ್ಮ ಕಾರವಾರ ಧರ್ಮಪ್ರಾಂತ್ಯವೇ ಹುಟ್ಟಿದ್ದು 1976ರಲ್ಲಿ ಅಲ್ವಾ, ಲೆಕ್ಕ ಹಾಕಿ ನೋಡಿ.

ಅಷ್ಟು ದೊಡ್ಡ ಮನೆ ಸಾಕೋದು ಸುಮ್ನೆ ಮಾತಲ್ಲ. ಮೊದಲ ಮಹಾಯುದ್ಧದಲ್ಲಿ ಪಕ್ಕದ ಹುಲ್ಲುಗಾವಲು ಜನರಿಗೆ ತರಕಾರಿ ಬೆಳೆಯಲು ಹೋಯಿತು, ಮನೆ ಸ್ವಲ್ಪ ಕಾಲ ಸೈನಿಕರ ಆಸ್ಪತ್ರೆಯಾಯಿತು, ಸುತ್ತಲಿನ ಕಂದಕವನ್ನು 1920ರ ದಶಕದಲ್ಲಿ ಮುಚ್ಚಿಸಿದರು. ಈಗ ಅದು ಮ್ಯೂಸಿಯಂ, ಒಳಗೆ ಹೋಗೋದಕ್ಕೆ ದುಡ್ಡಿಲ್ಲ. ಬಿಷಪ್ ಅತಿಥಿಗಳನ್ನು ಕೂರಿಸುತ್ತಿದ್ದ ಕೋಣೆಯೇ ನಿಮ್ಮ ಮಗಳು ಕಂಡ ಕೇಕಿನ ಅಂಗಡಿ.

ನನಗೆ ಜಾಸ್ತಿ ಇಷ್ಟವಾದದ್ದು ತೋಟ. ಹಳೇ ಇಟ್ಟಿಗೆ ಗೋಡೆಯಲ್ಲಿ ಸಾಲು ಗೂಡುಗಳಿವೆ, ನಮ್ಮಲ್ಲಿ ದೀಪ ಇಡುವ ಗೂಡಿನ ಹಾಗೆ. ಅವು ಜೇನುಬುಟ್ಟಿ ಇಡೋದಕ್ಕೆ! ಶಿರಸಿಯ ಜೇನು ಸಾಕುವವರಿಗೆ ಆ ಫೋಟೋ ಒಮ್ಮೆ ತೋರಿಸಿ. ಅದೇ ತೋಟದ ತರಕಾರಿಯನ್ನು ಗಾಡಿಯಲ್ಲಿಟ್ಟು ಮಾರುತ್ತಾರೆ, ಮಗಳಿಗೆ ಒಂದು ಕಟ್ಟು ಸೊಪ್ಪು ತರಲು ಹೇಳಿ.